ತೂಕ ಇಳಿಸುವ ಇಂಜೆಕ್ಷನ್ ಮೊದಲೇ ಕೊಡಬೇಕೇ?

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ತೂಕ ಇಳಿಸಲೆಂದೇ ಮಾರುವ ಸೆಮಾಗ್ಲುಟೈಡ್ ಅದೇ ವರ್ಷ ಜೂನ್‌ನಲ್ಲಿ ಬಂತು. ಈಗ ಬೆಂಗಳೂರಿನ ಬಡಾವಣೆಯ ಮೆಡಿಕಲ್ ಶಾಪಿನ ಫ್ರಿಜ್‌ನಲ್ಲೂ ಇವು ಸಿಗುತ್ತವೆ. ಬೊಜ್ಜಿನ ಜೊತೆಗೆ ಬಿಪಿ, ಶುಗರ್ ಅಥವಾ ಫ್ಯಾಟಿ ಲಿವರ್ ಇರುವವರಿಗೆ ಇದನ್ನು ಶುರುವಿನಲ್ಲೇ ಕೊಡಬೇಕೇ? ಅಥವಾ ಆರು ತಿಂಗಳು ಊಟ, ವ್ಯಾಯಾಮ ಸರಿಪಡಿಸಿ ನೋಡಿದ ಮೇಲೆಯೇ?

ಪರ: ಹಸಿವಿನೊಂದಿಗೆ ಸೆಣಸುತ್ತಾ ಕಾಯಿಸಬೇಡಿ

‘ಸ್ವಲ್ಪ ಬಾಯಿ ಕಟ್ಟಿ, ತಾನಾಗಿ ಇಳಿಯುತ್ತೆ’ ಎಂಬ ಮಾತನ್ನು ದಪ್ಪಗಿರುವವರು ಮನೆಯಲ್ಲೂ ಕೇಳುತ್ತಾರೆ, ಆಸ್ಪತ್ರೆಯಲ್ಲೂ ಕೇಳುತ್ತಾರೆ. ಬಾಯಿ ಕಟ್ಟಿದರೆ ಇಳಿಯುವುದು ನಿಜವೇ. ಆದರೆ ಕೊಬ್ಬು ಕರಗುತ್ತಿದ್ದಂತೆ ಹಸಿವು ತಣಿಸುವ ಹಾರ್ಮೋನು ಲೆಪ್ಟಿನ್ ಇಳಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ, ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಕ್ಯಾಲೊರಿಯೂ ತಗ್ಗುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರ ಪಥ್ಯ ಮಾಡಿ ತೂಕ ಇಳಿಸಿಕೊಂಡವರ ಹಸಿವಿನ ಹಾರ್ಮೋನುಗಳು ಒಂದು ವರ್ಷವಾದರೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಇಂಥ ದೇಹ ಹೊತ್ತವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಷ್ಟೇ ಹೇಳಿ ಕಳಿಸುವುದು ಚಿಕಿತ್ಸೆಯಲ್ಲ.

ಈ ಔಷಧಿ ನೇರವಾಗಿ ಆ ಹಸಿವಿನ ಮೇಲೆಯೇ ಕೆಲಸ ಮಾಡುತ್ತದೆ. ಉಂಡಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ, ಕೆಲವೇ ನಿಮಿಷದಲ್ಲಿ ಒಡೆದುಹೋಗುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೊಟ್ಟೆ ತುಂಬಿದೆ ಎಂಬುದನ್ನು ಅದು ಮೆದುಳಿಗೆ ಬೇಗ ಮುಟ್ಟಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. 2021ರ ಸ್ಟೆಪ್-1 ಪ್ರಯೋಗದಲ್ಲಿ 1,961 ಮಂದಿಗೂ ಊಟ, ವ್ಯಾಯಾಮದ ಒಂದೇ ಸಲಹೆ ಕೊಟ್ಟಿದ್ದರು. 68 ವಾರಗಳಲ್ಲಿ ಔಷಧಿ ಪಡೆದವರ ತೂಕ ಸರಾಸರಿ ಶೇ 14.9 ಇಳಿದರೆ, ಬರೀ ಸಲಹೆ ಸಿಕ್ಕವರದು ಶೇ 2.4. ಹೃದ್ರೋಗವಿದ್ದು ಶುಗರ್ ಇಲ್ಲದ 17,604 ಮಂದಿಯ ಸೆಲೆಕ್ಟ್ ಪ್ರಯೋಗದಲ್ಲಿ (2023) ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಮೂರೂ ಸೇರಿ ಶೇ 20ರಷ್ಟು ತಗ್ಗಿದವು.

ನಮ್ಮವರಿಗೆ ಕಾಯುವ ಪುರುಸೊತ್ತು ಇನ್ನೂ ಕಡಿಮೆ. ಭಾರತೀಯರಿಗೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟಾಗ ಅಳೆಯಬೇಕು. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. 165 ಸೆಂ.ಮೀ. ಎತ್ತರ, 78 ಕೆ.ಜಿ. ತೂಕ ಇರುವವರ ಬಿಎಂಐ ಸುಮಾರು 28.7. ನೋಡಲು ‘ಸ್ವಲ್ಪ ಹೊಟ್ಟೆ ಬಂದಿದೆ’ ಅನ್ನಿಸುತ್ತದೆ, ಆದರೆ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಅಂಚಿನಲ್ಲಿ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಮಿತಿಗಿಂತ ಮೇಲೆ. ಇಂಥವರಿಂದ ಹತ್ತು ವರ್ಷದಲ್ಲಿ ನಾಲ್ಕು ಡಯಟ್ ಮಾಡಿಸಿ, ನಾಲ್ಕರಲ್ಲೂ ಸೋಲಿಸಿ, ಕಿಡ್ನಿ ಕೆಡುವ ಹೊತ್ತಿಗೆ ಔಷಧಿ ಬರೆದುಕೊಟ್ಟು ಏನು ಪ್ರಯೋಜನ?

ಈ ಇಂಜೆಕ್ಷನ್‌ನ ಬಹಳಷ್ಟು ತೊಂದರೆ ಹುಟ್ಟುವುದು ಅವಸರದಿಂದ. ಸೆಮಾಗ್ಲುಟೈಡ್ 0.25 ಮಿ.ಗ್ರಾಂ.ನಿಂದ ಶುರುವಾಗಿ 0.5, 1, 1.7 ದಾಟಿ 2.4ಕ್ಕೆ ಮುಟ್ಟಬೇಕು, ಒಂದೊಂದು ಮೆಟ್ಟಿಲಿನಲ್ಲಿ ನಾಲ್ಕು ವಾರ. ಟಿರ್ಜೆಪಟೈಡ್ 2.5ರಿಂದ ಶುರು. ಮೊದಲ ಡೋಸ್ ಇರುವುದು ಹೊಟ್ಟೆಗೆ ಅಭ್ಯಾಸವಾಗಲಿ ಎಂದು. ಆ ತಿಂಗಳು ತೂಕ ಇಳಿಯಲಿಲ್ಲವೆಂದು ಡೋಸ್ ಏರಿಸಿಕೊಂಡವರೇ ವಾಂತಿ ಮಾಡಿಕೊಂಡು ಬಿಟ್ಟುಬಿಡುತ್ತಾರೆ. ವಾಕರಿಕೆ ಜೋರಾಗಿದ್ದರೆ ಅದೇ ಮೆಟ್ಟಿಲಿನಲ್ಲಿ ಇನ್ನೊಂದು ತಿಂಗಳು ಇದ್ದರೆ ನಷ್ಟವಿಲ್ಲ. ಜಠರ ನಿಧಾನವಾಗಿರುವಾಗ ಎಣ್ಣೆಯ ತಿಂಡಿ ಅಲ್ಲೇ ಕೂರುತ್ತದೆ, ಹಾಗಾಗಿ ಬೋಂಡ, ಪೂರಿ, ಬಿರಿಯಾನಿ ತಿಂದ ದಿನ ಹುಳಿತೇಗು ಖಾತ್ರಿ. ಸಣ್ಣ ತಟ್ಟೆ ಇಟ್ಟುಕೊಂಡು, ಇನ್ನೆರಡು ತುತ್ತು ಹಿಡಿಸುತ್ತದೆ ಅನ್ನುವಾಗಲೇ ಕೈ ತೊಳೆಯಬೇಕು. ಹೊಟ್ಟೆ, ತೊಡೆ, ತೋಳು ಹೀಗೆ ಪ್ರತಿ ವಾರ ಜಾಗ ಬದಲಿಸಿ. ತೆರೆಯದ ಇಂಜೆಕ್ಷನ್ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್‌ನ ಬಾಗಿಲಲ್ಲೂ ಬೇಡ, ಫ್ರೀಜರ್‌ನ ಪಕ್ಕದಲ್ಲೂ ಬೇಡ, ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು.

ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆಯವರಿಗೋ ಇದ್ದವರಿಗೆ, ಗರ್ಭಿಣಿಯರಿಗೆ ಇದು ಬೇಡ. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಆಗಿದ್ದರೆ ಮೊದಲೇ ಹೇಳಬೇಕು. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅವುಗಳ ಡೋಸ್ ತಗ್ಗಿಸದಿದ್ದರೆ ಶುಗರ್ ಕುಸಿಯಬಹುದು.

ಬಿಟ್ಟರೆ ತೂಕ ಮರಳುತ್ತದೆಯಲ್ಲ ಎನ್ನುತ್ತಾರೆ. ಬಿಪಿ ಮಾತ್ರೆ ಬಿಟ್ಟರೂ ಬಿಪಿ ಮರಳುತ್ತದೆ, ಹಾಗೆಂದು ಆ ಮಾತ್ರೆಯನ್ನು ಯಾರೂ ಕೊನೆಯವರೆಗೆ ಬಚ್ಚಿಡುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೊಜ್ಜನ್ನು ದೀರ್ಘಕಾಲದ ಕಾಯಿಲೆಯೆಂದು ಹೇಳಿ, ಈ ಔಷಧಿಗಳನ್ನು ಷರತ್ತಿನೊಂದಿಗೆ ಶಿಫಾರಸು ಮಾಡಿದ್ದೂ ಇದೇ ಕಾರಣಕ್ಕೆ. ಖರ್ಚು ದೊಡ್ಡ ಅಡ್ಡಿಯಾಗಿತ್ತು, ಒಪ್ಪುವ ಮಾತೇ. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿದ ಮೇಲೆ ಆ ಅಡ್ಡಿಯೂ ಸಡಿಲವಾಗುತ್ತಿದೆ.

ವಿರೋಧ: ಮೊದಲು ಅಡುಗೆಮನೆ, ಆಮೇಲೆ ಸೂಜಿ

ಔಷಧಿ ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಯಾರಿಗೆ, ಯಾವಾಗ ಎಂಬುದರಲ್ಲಿ ತಕರಾರಿದೆ. ಸೆಲೆಕ್ಟ್ ಪ್ರಯೋಗದಲ್ಲಿದ್ದವರೆಲ್ಲ 45 ದಾಟಿದವರು, ಆಗಲೇ ಹೃದ್ರೋಗ ಇದ್ದವರು. ಅದರ ಫಲಿತಾಂಶ ತೋರಿಸಿ, ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ಕೂತು ಹತ್ತು ಕೆ.ಜಿ. ಏರಿಸಿಕೊಂಡ 29ರ ಯುವಕನಿಗೆ ಇಂಜೆಕ್ಷನ್ ಬರೆದುಕೊಡುವುದು ಸರಿಯಲ್ಲ.

ಬಿಪಿ ಮಾತ್ರೆಯ ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. ಬಿಪಿ ಮಾತ್ರೆ ಸ್ನಾಯುವನ್ನು ಕರಗಿಸುವುದಿಲ್ಲ. ಸ್ಟೆಪ್-1ರಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರು ಕಳೆದುಕೊಂಡ ತೂಕದಲ್ಲಿ ಸುಮಾರು ಶೇ 40 ಕೊಬ್ಬಲ್ಲದ ಭಾಗ, ಸ್ನಾಯುವೂ ಅದರೊಳಗೇ ಬರುತ್ತದೆ. ಚುಚ್ಚುವುದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಹೋದ ಸ್ನಾಯು ಅದೇ ಪ್ರಮಾಣದಲ್ಲಿ ಮರಳುತ್ತದೆಂದು ಯಾರೂ ಭರವಸೆ ಕೊಡಲಾರರು. ನಮ್ಮ ಊಟಕ್ಕೆ ಇದು ಇನ್ನೂ ಹತ್ತಿರದ ಅಪಾಯ. ವಾಕರಿಕೆ ಇದ್ದಾಗ ಬೆಂಗಳೂರಿನ ಮನೆಗಳಲ್ಲಿ ಮೊದಲು ತಟ್ಟೆ ಬಿಡುವುದು ಕಾಳು ಪಲ್ಯ, ಮೊಟ್ಟೆ, ಸಾರಿನ ಬೇಳೆ. ಉಳಿಯುವುದು ಮೊಸರನ್ನ. ಒಂದು ಬಟ್ಟಲು ಅನ್ನ, ಅರ್ಧ ಬಟ್ಟಲು ಮೊಸರು ಸೇರಿದರೆ ಪ್ರೋಟೀನ್ ಹೆಚ್ಚೆಂದರೆ 8 ಗ್ರಾಂ. ದಿನಕ್ಕೆ ಎರಡು ಹೊತ್ತು ಇದನ್ನೇ ಉಂಡು 70 ಕೆ.ಜಿ.ಯ ಮನುಷ್ಯ ಸ್ನಾಯು ಉಳಿಸಿಕೊಳ್ಳುವುದಾದರೂ ಹೇಗೆ? ಅವರಿಗೆ ಬೇಕಾದದ್ದು ಕೆ.ಜಿ.ಗೆ ಒಂದು ಗ್ರಾಂನಂತೆ 70 ಗ್ರಾಂ, ತೂಕ ಇಳಿಯುವಾಗ ಇನ್ನೂ ಸ್ವಲ್ಪ ಹೆಚ್ಚು. ಈ ಲೆಕ್ಕ ಮೊದಲು ಮನೆಯಲ್ಲಿ ಕೂಡಿರಬೇಕು, ಸೂಜಿ ಆಮೇಲೆ.

ಊಟ-ನಡಿಗೆಯಿಂದ ಏನೂ ಆಗದು ಎನ್ನುವುದೂ ಸುಳ್ಳು. 2006ರಲ್ಲಿ ಪ್ರಕಟವಾದ, ಚೆನ್ನೈನ ತಜ್ಞರು 531 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಶುಗರ್ ಅಂಚಿನಲ್ಲಿದ್ದವರು ಜೀವನಶೈಲಿ ಬದಲಿಸಿದ್ದರಿಂದ ಕಾಯಿಲೆಗೆ ಜಾರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತು, ಅದೂ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ. ತಕ್ಕಡಿಯನ್ನೇ ನೋಡುತ್ತಾ ಕೂತವರಿಗೆ ಈ ಲಾಭ ಕಾಣುವುದೇ ಇಲ್ಲ.

ಆದರೆ ‘ಕಡಿಮೆ ತಿನ್ನಿ, ವಾಕಿಂಗ್ ಮಾಡಿ’ ಎಂದು ಚೀಟಿಯ ಕೆಳಗೆ ಬರೆಯುವುದನ್ನು ಆರು ತಿಂಗಳ ಪ್ರಯತ್ನ ಎನ್ನಲಾಗದು. ಪ್ರಯತ್ನವೆಂದರೆ ಅಳತೆ ಬೇಕು. ಎಣ್ಣೆಯಿಂದ ಶುರು ಮಾಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿಡಿ. ತಲೆಗೆ ಅರ್ಧ ಲೀಟರಿಗೆ ಇಳಿಸುವವರೆಗೆ ಇದೊಂದೇ ಕೆಲಸ. ಒಗ್ಗರಣೆಗೆ ಬಾಟಲಿಯಿಂದ ಸುರಿಯುವ ಕೈಗೆ ಟೀ ಚಮಚ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಎರಡು ಚಮಚ ಸಕ್ಕರೆಯ ನಾಲ್ಕು ಕಾಫಿ ಎಂದರೆ 160 ಕ್ಯಾಲೊರಿ. ಪ್ರೋಟೀನಿಗೆ ಎರಡು ಮೊಟ್ಟೆ (12 ಗ್ರಾಂ), 50 ಗ್ರಾಂ ಒಣ ಸೋಯಾ ಚಂಕ್ಸ್ (ಸುಮಾರು 26), 60 ಗ್ರಾಂ ಬೇಳೆ ಅಥವಾ ಹೆಸರುಕಾಳು (14), ಒಂದು ಲೋಟ ಹಾಲು (6). ಉಳಿದದ್ದು ರಾಗಿ, ಅಕ್ಕಿ, ಗೋಧಿಯಿಂದ ಬರುತ್ತದೆ. ಮುದ್ದೆ ಉಂಡರೆ ತೂಕ ಇಳಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮುದ್ದೆಯ ಗಾತ್ರ ಇಳಿಸದಿದ್ದರೆ ಕ್ಯಾಲೊರಿಯೂ ಇಳಿಯದು.

ನಡಿಗೆ ವಾರಕ್ಕೆ 150 ನಿಮಿಷ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ದೂರವಾದವರು ಮೆಟ್ರೊದಲ್ಲಿ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಬಹುದು. ಇದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುವಿನ ವ್ಯಾಯಾಮ ಬೇಕೇಬೇಕು: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಮೂರು ಸುತ್ತು, ಗೋಡೆಗೆ ಕೈ ಊರಿ ಪುಶ್‌ಅಪ್ ಕೂಡ ಅಷ್ಟೇ ಸಲ. ರಾತ್ರಿ ಪಾಳಿಯವರಿಗೆ ನಿದ್ದೆಯ ಹೊತ್ತು ಗೊತ್ತುಮಾಡದೆ ಊಟದ ಪಟ್ಟಿ ಕೊಟ್ಟರೆ ಅದು ಎರಡನೇ ವಾರಕ್ಕೇ ಕುಸಿಯುತ್ತದೆ.

ಇಷ್ಟು ಮಾಡಿಯೂ ಆರು ತಿಂಗಳಲ್ಲಿ ಶೇ 5 ಇಳಿಯದಿದ್ದರೆ, 78 ಕೆ.ಜಿ.ಯವರಿಗೆ ಅದು ಸುಮಾರು 4 ಕೆ.ಜಿ., ಆಗ ಇಂಜೆಕ್ಷನ್ ಕೊಡಲಿ. ಹೃದಯಾಘಾತ ಆದವರನ್ನು, ಬಿಎಂಐ 35 ದಾಟಿದವರನ್ನು, ನಿದ್ದೆಯಲ್ಲಿ ಉಸಿರು ನಿಲ್ಲುವವರನ್ನು ಆರು ತಿಂಗಳು ಕಾಯಿಸುವುದು ತಪ್ಪು. ಅವರಿಗೆ ಎರಡೂ ಒಟ್ಟಿಗೇ ನಡೆಯಬೇಕು. ಯಾರೇ ಆಗಲಿ, ಮೊದಲ ಡೋಸ್‌ಗೆ ಮುಂಚೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಲಿವರ್, ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡ್ ಪರೀಕ್ಷೆ ಆಗಿರಬೇಕು. ಶುಗರ್ ಇದ್ದರೆ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಬೇಕು, ಏಕೆಂದರೆ ಶುಗರ್ ಥಟ್ಟನೆ ಇಳಿದಾಗ ಮೊದಲೇ ಇದ್ದ ರೆಟಿನಾ ತೊಂದರೆ ಉಲ್ಬಣಿಸಬಹುದು. ಬೇಗ ತೂಕ ಇಳಿದವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚು. ಬೆನ್ನಿಗೆ ಹಾಯುವ ಬಲವಾದ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿ ಮಲಗಬಾರದು, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ಇಂಜೆಕ್ಷನ್ ವಿಷಯ ಹೇಳಲೇಬೇಕು. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು.

ಹೆಚ್ಚು ಸಂಕಟ ತರುವುದು ‘ಮದುವೆಗೆ ಮೂರು ತಿಂಗಳಿದೆ’ ಎಂದು ಶುರುಮಾಡುವುದು. ಸೆಮಾಗ್ಲುಟೈಡ್‌ನ ಪೂರ್ತಿ ಡೋಸ್‌ಗೆ ಮುಟ್ಟುವುದೇ 17ನೇ ವಾರಕ್ಕೆ. ಗರ್ಭ ಧರಿಸಬೇಕೆಂದರೆ ಅದನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುಮಾಡಿದಾಗ, ಮತ್ತೆ ಪ್ರತಿ ಸಲ ಡೋಸ್ ಏರಿಸಿದಾಗ, ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವಂತಿಲ್ಲ, ಕಾಂಡೋಮ್ ಕೂಡ ಬೇಕು. ಅಂಡಾಶಯದ ಹಾರ್ಮೋನು ತೊಂದರೆಯಾದ ಪಿಸಿಓಎಸ್‌ನಿಂದ ಮುಟ್ಟು ಏರುಪೇರಾಗಿದ್ದವರಲ್ಲಿ ತೂಕ ಇಳಿದಂತೆ ಅಂಡೋತ್ಪತ್ತಿ ಮರಳುತ್ತದೆ, ತನಗೆ ಗರ್ಭ ನಿಲ್ಲದು ಎಂದುಕೊಂಡಿದ್ದವಳು ಔಷಧಿ ಮೈಯಲ್ಲಿರುವಾಗಲೇ ಗರ್ಭಿಣಿಯಾಗಬಹುದು. ಚೀಟಿ ಬರೆಯುವ ಮುನ್ನ ಈ ಮಾತನ್ನು ಅವಳಿಗೇ, ಅವಳೊಬ್ಬಳೇ ಇರುವಾಗ ಹೇಳಬೇಕು.