ಮುಂದಿನ ಟ್ರಾಮ್ 4 ನಿಮಿಷಕ್ಕೆ

ಕಲಬುರಗಿಗೆ ಟ್ರಾಮ್ ಬಂದಿದೆ. ಹಳಿ ಇಲ್ಲ, ಗಾಡಿ ಇಲ್ಲ, ಕರೆಂಟಿನ ತಂತಿಯೂ ಇಲ್ಲ. ಆದರೆ ನಿಲ್ದಾಣ ಇದೆ. ಅದರೊಳಗೆ ಎಸಿ ಇದೆ. ಒಂದು ಕಪ್ ಕಾಫಿಗೆ 180 ರೂಪಾಯಿ ಇದೆ.

ಸೇಡಂ ರಸ್ತೆಯ ಕಡೆ ಹೊಸದಾಗಿ ಶುರುವಾದ ಕೆಫೆ ಇದು. ಗೋಡೆ ತುಂಬ ಮೆಲ್ಬರ್ನಿನ ಹಳೇ ಹಸಿರು ಟ್ರಾಮಿನ ಚಿತ್ರ ಬರೆಸಿದ್ದಾರೆ. ನೆಲದ ಟೈಲ್ಸ್ ಮೇಲೆ ಉದ್ದಕ್ಕೆ ಎರಡು ಕಪ್ಪು ಗೆರೆ, ಅದೇ ಹಳಿ. ಬಿಲ್ಲಿಗೆ ಟಿಕೆಟ್ ಅನ್ನಬೇಕು, ಟೇಬಲ್ಲಿಗೆ ಪ್ಲಾಟ್‌ಫಾರ್ಮ್. ಶೌಚಾಲಯದ ಬಾಗಿಲ ಮೇಲೆ 'ಕೊನೆಯ ನಿಲ್ದಾಣ' ಅಂತ ಬರೆದಿದ್ದಾರೆ. ಕೌಂಟರ್ ಮೇಲೆ ಕೆಂಪು ಅಕ್ಷರದ ಬೋರ್ಡ್ ಮಿನುಗುತ್ತದೆ: 'ಮುಂದಿನ ಟ್ರಾಮ್ 4 ನಿಮಿಷಕ್ಕೆ'. ನಾನು ಒಂದೂವರೆ ಗಂಟೆ ಕೂತಿದ್ದೆ. ನಾಲ್ಕು ಮೂರಾಗಲಿಲ್ಲ.

ನಗಬೇಡಿ. ಹೊರಗಿರುವ ಬಸ್ ತಂಗುದಾಣದಲ್ಲಿ ಇಷ್ಟು ಸುಳ್ಳು ಹೇಳುವವರೂ ಇಲ್ಲ. ಅಲ್ಲಿ ನಾಲ್ಕು ನಾಯಕರ ಫೋಟೊ ಇದೆ, ಯಾರ ಅನುದಾನ ಅಂತ ಇದೆ, ಬೋರ್‌ವೆಲ್ ಕೊರೆಯುವವರ ಫೋನ್ ನಂಬರ್ ಇದೆ. ಬಸ್ಸಿನ ನಂಬರ್ ಮಾತ್ರ ಇಲ್ಲ. ಕೂರಲು ಸ್ಟೀಲ್ ಪೈಪ್ ಹಾಕಿದ್ದಾರೆ. ನಮ್ಮೂರ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ವಾ? ಆ ಪೈಪಿನ ಮೇಲೆ ಕೂತವರು ತಟ್ಟನೆ ಎದ್ದು ನಿಲ್ಲುತ್ತಾರೆ. ದೂರದಿಂದ ನೋಡಿದರೆ ಫೋಟೊದಲ್ಲಿರುವವರಿಗೆ ಗೌರವ ಕೊಟ್ಟ ಹಾಗೆ ಕಾಣುತ್ತದೆ.

ಮೆಲ್ಬರ್ನಿನಲ್ಲಿ ಟ್ರಾಮ್ ದಾರಿ ಸುಮಾರು 250 ಕಿಲೋಮೀಟರ್ ಇದೆ. ಊರ ನಡುಭಾಗದಲ್ಲಿ 2015ರಿಂದ ಟಿಕೆಟ್ಟೇ ಬೇಡ, ಪುಕ್ಕಟೆ. ಹೊಸ ನಿಲ್ದಾಣಗಳ ಕಟ್ಟೆ ಟ್ರಾಮಿನ ನೆಲದ ಎತ್ತರಕ್ಕೇ ಇರುತ್ತದೆ, ಗಾಲಿ ಕುರ್ಚಿ ಸೀದಾ ಒಳಗೆ ಹೋಗುತ್ತದೆ. ಅಲ್ಲಿ ನಿಲ್ದಾಣದ ಪಕ್ಕದ ಕಾಫಿ ಅಂಗಡಿ ನಡೆಯುವುದು ಗಾಡಿ ಬರುತ್ತದೆ ಅಂತ. ನಮ್ಮಲ್ಲಿ ನಡೆಯುವುದು ಬರುವುದಿಲ್ಲ ಅಂತ. ಹತ್ತು ನಿಮಿಷಕ್ಕೊಂದು ಬಸ್ ಬಿಟ್ಟು ನೋಡಿ, ಈ ಎಸಿಯಲ್ಲಿ ಯಾರು ಕೂರುತ್ತಾರೆ? ಬಸ್ ತಡವಾಗುವುದನ್ನು ನಾವು ಸುಮ್ನೆ ಬೈಯುತ್ತೇವೆ. ಅದು ಸಣ್ಣ ಉದ್ಯಮಕ್ಕೆ ಕೊಡುವ ಪ್ರೋತ್ಸಾಹ.

ಕಾಯುವುದರಲ್ಲಿ ನಾವೇನು ಹೊಸಬರಲ್ಲ. ಬೀದರಿಗೆ 110 ಕಿಲೋಮೀಟರ್ ರೈಲು ಹಳಿ ತೊಂಬತ್ತರ ದಶಕದಲ್ಲಿ ಮಂಜೂರಾಯಿತು. ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್ 29ಕ್ಕೆ. ಅಷ್ಟರಲ್ಲಿ ಇಲ್ಲಿನ ಒಂದು ತಲೆಮಾರು ಹುಟ್ಟಿ, ಓದಿ, ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತಿತ್ತು. ಅವರಲ್ಲೊಬ್ಬ ವಾಪಸ್ ಬಂದು ಈ ಕೆಫೆ ಹಾಕಿದ್ದಾನೆ. ಹುಡುಗ ಒಳ್ಳೆಯವನು, ಅದನ್ನು ಹೇಳಲೇಬೇಕು. ಫೋನ್ ಚಾರ್ಜ್ ಮಾಡಲು ಬಿಟ್ಟ.

"ಮಂಡಕ್ಕಿ ಸುಸಲಾ ಅದ ಏನಪ್ಪಾ?" ಅಂತ ಕೇಳಿದೆ.

"ಇಲ್ರೀ ಸರ್. ಕ್ರೊಸಾಂಟ್ ಅದ."

ತಂದಿಟ್ಟ. ಮುರಿದರೆ ನಮ್ಮ ಬೇಕರಿಯ ಖಾರಿಯ ಹಾಗೇ ಪದರ ಪದರವಾಗಿ ಉದುರಿತು. ಅದ್ದಿಕೊಂಡು ತಿನ್ನೋಣ ಅಂದರೆ ಚಹಾ ಇಲ್ಲ. ಕಾಫಿಯ ನೊರೆಯ ಮೇಲೆ ಎಲೆಯ ಚಿತ್ರ ಬಿಡಿಸಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ನೋಡುತ್ತಾ ಕೂತಿದ್ದೆ. ಗಾಜಿನಾಚೆ ಬಸ್ ಕಾಣಿಸಿತು.

ಕಾಫಿ ಬಿಟ್ಟು ಓಡಿದೆ. ತಂಗುದಾಣದ ಮುಂದೆ ಸಾಲಾಗಿ ಹದಿನಾಲ್ಕು ಬೈಕು ನಿಂತಿದ್ದವು, ಎಲ್ಲವೂ ಕೆಫೆಯ ಗಿರಾಕಿಗಳದ್ದು. ಬಸ್ಸಿಗೆ ಪಕ್ಕಕ್ಕೆ ಬರಲು ಜಾಗವೇ ಇಲ್ಲ. ಅದು ಮುಂದೆ ಹೋಗಿ ಬೇವಿನ ಮರದ ಕೆಳಗಿನ ಚಹಾ ಬಂಡಿಯ ಹತ್ತಿರ ನಿಂತಿತು. ಅಲ್ಲಿ ಇಪ್ಪತ್ತು ಜನ ಮೊದಲೇ ನಿಂತಿದ್ದರು. ಒಬ್ಬ ಅಜ್ಜಿ ಜೋಳದ ಹಿಟ್ಟಿನ ಡಬ್ಬಿಯನ್ನು ಮೊದಲು ಬಸ್ಸಿನೊಳಗೆ ಇಟ್ಟಳು. ಆಮೇಲೆ ಮೊಣಕಾಲೆತ್ತರದ ಮೆಟ್ಟಿಲಿಗೆ ಕಾಲಿಟ್ಟಳು. ಹಿಂದಿದ್ದ ಹುಡುಗಿ ಆಕೆಯನ್ನು ಮೇಲಕ್ಕೆ ದೂಡಿದಳು. ನಾನು ತಲುಪುವಷ್ಟರಲ್ಲಿ ಕಂಡಕ್ಟರ್ ರೈಟ್ ಹೇಳಿಯಾಗಿತ್ತು.

ಬಂಡಿಯ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಊರಿಗೆ ಹೊಸಬ್ರೇನ್ರಿ ಸರ್? ಸ್ಟಾಪ್ ಇದೇ ಅದ."

ಹತ್ತು ರೂಪಾಯಿ ಕೊಟ್ಟು ಚಹಾ ತಗೊಂಡೆ. "ಮುಂದಿನ ಬಸ್ ಎಷ್ಟೊತ್ತಿಗೆ ಕಾಕಾ?"

ಆತ ಮುಚ್ಚಳ ಸರಿಸಿ ಒಳಗೆ ಇಣುಕಿದ. "ಈ ಪಾತೇಲಿ ಮುಗೀತಂದ್ರ ಬರ್ತದ ನೋಡ್ರಿ."