‘ಗೀತಾಸಾರ’ದ ಆ ಸಾಲು ಗೀತೆಯಲ್ಲಿಲ್ಲ

ನಮ್ಮ ಡೊಂಬಿವಲಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆದದ್ದೆಲ್ಲಾ ಒಳ್ಳೆಯದಕ್ಕೇ ಆಯಿತು’ ಎಂಬ ಸಾಲಿರುವ ‘ಗೀತಾಸಾರ’ದ ಚಿತ್ರ ಮತ್ತೆ ಓಡಾಡುತ್ತಿದೆ. ಕೆಳಗೆ ‘ಭಗವದ್ಗೀತೆ’ ಎಂದಿದೆ. ಮಾಟುಂಗಾದ ಹೋಟೆಲೊಂದರ ಗಲ್ಲಾದ ಹಿಂದೆ, ಊದುಬತ್ತಿ ಹೊಗೆಗೆ ಕಪ್ಪಾದ ಫ್ರೇಮಿನಲ್ಲೂ ಇದನ್ನೇ ಓದಿದ್ದೇನೆ. ಆದರೆ ಗೀತೆಯ 18 ಅಧ್ಯಾಯ, 700 ಶ್ಲೋಕಗಳಲ್ಲಿ ಎಲ್ಲೂ ಈ ಮಾತಿಲ್ಲ.

ಗೀತೆಯಲ್ಲಿ ನಿಜಕ್ಕೂ ಇರುವ ಮಾತು ಬೇಕಿದ್ದರೆ 2ನೇ ಅಧ್ಯಾಯದ 47ನೇ ಶ್ಲೋಕ ನೋಡಿ. ಕೆಲಸ ನಿನ್ನ ಕೈಲಿದೆ, ಫಲ ನಿನ್ನ ಕೈಲಿಲ್ಲ. ಇಷ್ಟು ಎಲ್ಲರಿಗೂ ಬಾಯಿಪಾಠ. ಕೊನೆಯ ಪಾದವನ್ನು ಮಾತ್ರ ಬಿಟ್ಟೇ ಬಿಡುತ್ತೇವೆ, ಅಲ್ವಾ? ‘ಮಾ ತೇ ಸಂಗೋಽಸ್ತ್ವಕರ್ಮಣಿ.’ ಕೆಲಸ ಬಿಟ್ಟು ಸುಮ್ನೆ ಕೂರುವುದಕ್ಕೂ ಅಂಟಿಕೊಳ್ಳಬೇಡ ಎಂದರ್ಥ. ಅರ್ಜುನ ಬಿಲ್ಲು ಬಿಸಾಕಿ ರಥದಲ್ಲೇ ಕೂತುಬಿಟ್ಟಿದ್ದ. ಅವನನ್ನು ಎಬ್ಬಿಸಲು ಹೇಳಿದ ಮಾತಿದು.

ಆ ಚಿತ್ರ ಕಳಿಸುವವರು ದಯವಿಟ್ಟು ಗೀತೆಯ ಹೆಸರು ತೆಗೆದು ಕಳಿಸಿ.