ಆ ಹುಡುಗಿಗೆ ಪ್ರಶ್ನೆ ಕೇಳಲಿಕ್ಕೆ ಟೈಮ್ ಕೊಡ್ರಿ

ಪುಣೆಗೆ ಬಂದು ಹದಿನಾರು ವರ್ಷ ಆತು, ಆದ್ರ ಅವ್ವ ಇನ್ನೂ ಸಪ್ತಾಪುರದ ಮನ್ಯಾಗೇ ಇರತಾಳ, ಹಿಂಗಾಗಿ ವರ್ಷಕ್ಕ ಮೂರ್ನಾಕು ಸಲ ಧಾರವಾಡ ಆಗೇ ಆಗತದ. ಈ ಸಲ ಹೋದಾಗ ಊರಾಗಿನ ಒಂದು ಕಾಲೇಜಿನ್ಯಾಗ ಗುರುತ್ವ ಅಲೆಗಳ ಮ್ಯಾಲೆ, ಅಂದ್ರ ಭಾರೀ ಕಾಯಗಳು ಒಂದಕ್ಕೊಂದು ಕೂಡಿದಾಗ ಬಾಹ್ಯಾಕಾಶವೇ ಅಲುಗಿ ಹರಡೋ ತೆರಿಗಳ ಮ್ಯಾಲೆ, ಉಪನ್ಯಾಸ ಅದ ಅಂತ ಗೆಳೆಯ ವಾಟ್ಸಾಪ್ ಮಾಡಿದ್ದ, ಖುಷಿಯಿಂದ ಹೋದೆ.

ಹನ್ನೊಂದಕ್ಕ ಅಂದಿದ್ರು. ಪ್ರಾರ್ಥನಾ ಗೀತೆ, ಸ್ವಾಗತ, ದೀಪ ಬೆಳಗೋದು, ಪ್ರಾಸ್ತಾವಿಕ ನುಡಿ, ವೇದಿಕೆ ಮ್ಯಾಲಿದ್ದ ಏಳೂ ಮಂದಿಗೆ ಶಾಲು ಹಾರ, ಮತ್ತ ಅವರದು ಒಬ್ಬೊಬ್ಬರದೂ ಎರಡೆರಡು ಮಾತು, ಹಿಂಗ ಮಾಡಿ ಮಾಡಿ ಉಪನ್ಯಾಸಕರ ಕೈಗೆ ಮೈಕ್ ಬಂದಾಗ ಹನ್ನೆರಡೂ ಇಪ್ಪತ್ತು. ಪಾಪ, ಅವ್ರು ಸ್ಲೈಡ್ ಓಡಿಸಿದ್ರು. 2015ರ ಸೆಪ್ಟೆಂಬರ್ 14ಕ್ಕ ಲೈಗೋದವ್ರು, ಅಂದ್ರ ಈ ಅಲೆ ಹಿಡಿಯೋ ಅಮೆರಿಕಾದ ವೀಕ್ಷಣಾಲಯದವ್ರು, ಮೊದಲನೇ ಅಲೆ ಹಿಡಿದ್ರು, ಎರಡು ಕಪ್ಪು ರಂಧ್ರ ಕೂಡಿ ಎದ್ದ ಅಲೆ ಅದು, ತೂಕದಾಗ ಒಂದು ಕಪ್ಪು ರಂಧ್ರ ಸೂರ್ಯನ 36 ಪಟ್ಟು, ಇನ್ನೊಂದು 29 ಪಟ್ಟು, ಕೂಡಿ ಆದದ್ದು 62 ಪಟ್ಟು ಅಂತ ಹೇಳಿ ಮುಂದ ಹೋಗಿಬಿಟ್ರು. ನನ್ನ ಮುಂದಿನ ಸಾಲಿನ್ಯಾಗ ಒಬ್ಬಾಕಿ ಹುಡುಗಿ, ಬಿಎಸ್ಸಿ ಮೊದಲನೇ ವರ್ಷದಾಕಿ, ನೋಟ್‌ಬುಕ್ಕಿನ್ಯಾಗ 36, ಅದರ ಕೆಳಗ 29, ಗೆರಿ ಎಳೆದು 65 ಬರೆದ್ಲು, ಬಾಜೂಕ 62 ಬರೆದು ಅದರ ಸುತ್ತ ಎರಡು ಸಲ ಪೆನ್ ತಿರುವಿದ್ಲು. ಕೈ ಎತ್ತಿದ್ಲು. ಪ್ರಶ್ನೋತ್ತರಕ್ಕ ಟೈಮ್ ಇಲ್ಲವ್ವಾ, ವಂದನಾರ್ಪಣೆ ಅದ ಅಂದ್ರು.

ಹೊರಗ ಬಂದು ನಾನೇ ಮಾತಾಡಿಸಿದೆ. "ಸರ್, ಉಳಿದ 3 ಎಲ್ಲಿ ಹೋತ್ರಿ?" ಅಂದ್ಲು. ಅಲ್ರಿ, ಇಡೀ ಸಂಶೋಧನೆಯ ಜೀವಾನೇ ಆ ಪ್ರಶ್ನೆಯೊಳಗ ಅದ! 3 ಸೂರ್ಯರಷ್ಟು ದ್ರವ್ಯ ಒಂದು ಸೆಕೆಂಡ್ ಆಗೋದ್ರೊಳಗ ಶಕ್ತಿಯಾಗಿ ಹೊರಬಿದ್ದು, ಸುಮಾರು 130 ಕೋಟಿ ವರ್ಷ ಹರಿದು ಬಂದು, ಅಮೆರಿಕಾದಾಗಿನ ಲೈಗೋದ 4 ಕಿಲೋಮೀಟರ್ ಉದ್ದದ ತೋಳುಗಳನ್ನ ಪ್ರೋಟಾನಿಗಿಂತಾ ಎಷ್ಟೋ ಸಣ್ಣ ಅಳತಿಯೊಳಗ ಅಳ್ಳಾಡಿಸಿತು. ಇದನ್ನ ಆಕಿ ಉಪನ್ಯಾಸಕರ ಬಾಯಿಂದ ಕೇಳಬೇಕಿತ್ತು, ಗೇಟಿನ ಹತ್ರ ನನ್ನ ಬಾಯಿಂದ ಅಲ್ಲ.

ಇಲ್ಲೆ ಪುಣೆ ಯೂನಿವರ್ಸಿಟಿ ಕ್ಯಾಂಪಸ್ಸಿನ್ಯಾಗ ಅಯುಕಾ ಅದ, 1988ರಾಗ ಜಯಂತ ನಾರಳೀಕರ್ ಅವ್ರು ಕಟ್ಟಿದ ಖಗೋಳ ವಿಜ್ಞಾನದ ಸಂಸ್ಥೆ. ಎರಡನೇ ಶನಿವಾರ ಸಾಲಿ ಹುಡುಗ್ರಿಗೆ ಉಪನ್ಯಾಸ ಇಡತಾರ, ಮಗಳನ್ನ ಕರ್ಕೊಂಡು ಹೋಗತಿದ್ದೆ. ಪರಿಚಯ ಎರಡು ನಿಮಿಷ, ಆಮ್ಯಾಲೆ ಸೀದಾ ವಿಷಯ. ಮುಗದ ಕೂಡಲೇ ಹುಡುಗ್ರು ಹೇಳಿದವರನ್ನ ಮುತ್ತತಾರ, ಒಂದು ಸಲ ಅವ್ರು ಒಬ್ಬ ಹುಡುಗಗ "ಇದು ಯಾರಿಗೂ ಇನ್ನೂ ಗೊತ್ತಿಲ್ಲ, ನೀನೇ ಹುಡುಕು" ಅಂದದ್ದು ನನ್ನ ಮಗಳು ಇವತ್ತಿಗೂ ಹೇಳತಾಳ. ನಾರಳೀಕರ್ ಅವ್ರು ಅಷ್ಟು ದೊಡ್ಡ ವಿಜ್ಞಾನಿ ಆಗಿ ಮರಾಠಿಯೊಳಗೂ ಬರೆದ್ರು ನೋಡ್ರಿ.

ಹಂಗಂತ ನಮ್ಮೂರು ಕಡಿಮಿ ಅಲ್ಲ. ವಿದ್ಯಾವರ್ಧಕ ಸಂಘ 1890ರದು, ಅಲ್ಲಿ ಸಂಜಿಕೆ ದತ್ತಿ ಉಪನ್ಯಾಸಕ್ಕ ರಿಟೈರ್ ಆದ ಮಾಸ್ತರು ಮಳಿಯೊಳಗ ಛತ್ರಿ ಹಿಡಕೊಂಡು ಬಂದು ಕಡೀತನಕ ಕೂಡತಾರ, ಅಂಥಾ ಕೇಳುಗರನ್ನ ನಾ ಪುಣೆದಾಗ ಕಂಡಿಲ್ಲ. ಫಿಸಿಕ್ಸ್ ಓದಿದವ್ರು ಕರ್ನಾಟಕ ಯೂನಿವರ್ಸಿಟಿಯೊಳಗ ಇದ್ದಾರ, 2016ರಿಂದ ಐಐಟಿನೂ ಬಂದದ. ಅವ್ರು ತಮ್ಮ ತಮ್ಮ ಕೆಲಸಾನ ಅದೇ ಹಾಲಿನ್ಯಾಗ, ಅದೇ ಮಾಸ್ತರ ಮುಂದ, ಕನ್ನಡದಾಗ ಹೇಳಲಿ ಅಂತೀನಿ. ಕನ್ನಡದಾಗ ಶಬ್ದ ಸಿಗೂದಿಲ್ಲ ಅನ್ನೋದನ್ನ ನಾ ಒಪ್ಪೂದಿಲ್ಲ, ಗೇಟಿನ ಹತ್ರ ಕೆಲಗೇರಿ ಕೆರಿ ನೀರಿನ ತೆರಿಯಿಂದ ಶುರು ಮಾಡಿದೆ, ಹತ್ತು ನಿಮಿಷದಾಗ ಆಕಿಗೆ ತಿಳೀತು. ಶಾಲು ಹಾರ ಬ್ಯಾಡ ಅನ್ನೂದಿಲ್ಲ, ಉಪನ್ಯಾಸಕರಿಗೆ ಒಂದೇ ಶಾಲು, ಅದೂ ಹುಡುಗ್ರ ಪ್ರಶ್ನೆ ಮುಗದ ಮ್ಯಾಲೆ ಹಾಕ್ರಿ.

ಲೈಗೋ ಈಗ ನಮ್ಮ ದೇಶಕ್ಕೂ ಬರಲಿಕ್ಕತ್ತದ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲಾದ ಔಂಢಾದಾಗ, 2023ರ ಏಪ್ರಿಲ್‌ದಾಗ ಕೇಂದ್ರದವ್ರು 2,600 ಕೋಟಿ ರೂಪಾಯಿಗೆ ಒಪ್ಪಿಗಿ ಕೊಟ್ಟಾರ. ಇದನ್ನ ಹೇಳಿದಾಗ ಆ ಹುಡುಗಿ ನೋಟ್‌ಬುಕ್ ಮತ್ತ ತಗದು ಕೇಳಿದ್ಲು, "ಅಲ್ಲಿ ಕೆಲಸಾ ಮಾಡಬೇಕಂದ್ರ ಬಿಎಸ್ಸಿ ಆದ ಮ್ಯಾಲೆ ಏನು ಓದಬೇಕ್ರಿ ಸರ್?"